ಸೂಜಿ ನಿಲ್ಲಿಸಬೇಡಿ

ಯುಗಾದಿಗೆಂದು ರಜೆ ಹಾಕಿ ಊರಿಗೆ ಹೋದಾಗ ನನ್ನ ಕೈ ತಾನಾಗಿ ವಾಸಿಯಾಯಿತು. ಆ ವಾಸಿಯೇ ನನ್ನ ನೆಮ್ಮದಿ ಕೆಡಿಸಿತು.

ಅದಕ್ಕೆ ಮುಂಚೆ ಕೆಲವು ತಿಂಗಳಿಂದ ನನ್ನ ಬೆರಳ ಸಂದುಗಳು ಒಡೆದು ನೀರಾಡುತ್ತಿದ್ದವು. ಸೋಮವಾರಪೇಟೆಯ ಹತ್ತಿರ ಕಾಫಿ ಬೆಳೆಗಾರರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸು. ಕ್ಷಯದ ವಾರ್ಡು ನನ್ನ ಪಾಲಿಗೆ ಬಂದಿತ್ತು. ದಿನವಿಡೀ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ನೀರಿನಲ್ಲಿ ಕೈ ಅದ್ದುವವಳಿಗೆ ಬೆರಳು ಒಡೆಯುವುದು ದೊಡ್ಡ ವಿಷಯವಲ್ಲ ಎಂದುಕೊಂಡಿದ್ದೆ. ಆದರೆ ಫ್ರೇಜರ್‌ಪೇಟೆಯ ಬಳಿಯ ನಮ್ಮೂರಿನಲ್ಲಿ ಹಬ್ಬದ ಪಾತ್ರೆಯನ್ನೆಲ್ಲ ಬೂದಿ ಹಾಕಿ ಉಜ್ಜಿದವಳು ನಾನೇ, ಮನೆಮಂದಿಯ ಬಟ್ಟೆ ಒಗೆದವಳೂ ನಾನೇ. ನೀರಿನಿಂದ ಕೈ ಒಡೆಯುವುದಾಗಿದ್ದರೆ ಇನ್ನಷ್ಟು ಒಡೆಯಬೇಕಿತ್ತು. ರಜೆ ಮುಗಿಯುವ ಹೊತ್ತಿಗೆ ಚರ್ಮ ಕೂಡಿಕೊಂಡಿತ್ತು. ಅವ್ವ ಅದು ಹರಳೆಣ್ಣೆಯ ಗುಣ ಎಂದಳು. ನನಗೂ ಹಾಗೆ ಅನ್ನಿಸಿದ್ದರೆ ಚೆನ್ನಾಗಿತ್ತು.

ವಾಪಸು ಬಂದ ಮೊದಲ ಬೆಳಿಗ್ಗೆ ಎಂದಿನಂತೆ ಸ್ಟ್ರೆಪ್ಟೋಮೈಸಿನ್ ಬಾಟಲಿಗಳ ಮುಂದೆ ಕೂತೆ. ಮಧ್ಯಾಹ್ನದೊಳಗೆ ಎರಡೂ ಕಣ್ಣಿನ ರೆಪ್ಪೆ ಊದಿಕೊಂಡು, ಬೆರಳ ಸಂದು ಮತ್ತೆ ಉರಿಯತೊಡಗಿತು. ಕಾರಣ ನೀರಲ್ಲ, ಸೋಪಲ್ಲ, ಮದ್ದು. ಬೇರೆಯವರನ್ನು ಬದುಕಿಸುತ್ತಿದ್ದ ಅದೇ ಮದ್ದು.

ಆ ಮದ್ದು ಕೊಡಗಿಗೆ ಬಂದು ಬಹಳ ಕಾಲವಾಗಿರಲಿಲ್ಲ. ಅಲ್ಲಿಯವರೆಗೆ ನಮ್ಮ ವಾರ್ಡಿನಲ್ಲಿ ಗಾಳಿ, ಹಾಲು, ಮೊಟ್ಟೆ, ಮಲಗುವುದು ಇಷ್ಟೇ ಚಿಕಿತ್ಸೆ. ಆಸ್ಪತ್ರೆಯ ಹಿಂದುಗಡೆ, ಸಿಲ್ವರ್ ಓಕ್ ಮರಗಳಾಚೆ, ಒಂದು ಬದಿ ಪೂರಾ ತೆರೆದ ಜಗಲಿಯಿದ್ದ ಉದ್ದನೆಯ ಹೆಂಚಿನ ಕಟ್ಟಡ. ಒಂದು ತುದಿಯಲ್ಲಿ ಹಲಗೆ ಅಡ್ಡಗಟ್ಟಿ ಹೆಂಗಸರಿಗೆ ಜಾಗ. ಅಲ್ಲಿಂದ ತಮ್ಮ ಕಾಲ ಮೇಲೆ ಹೊರಗೆ ಹೋದವರು ಕಡಿಮೆ. ಈಗ ಮೈಸೂರಿನಿಂದ ಬಸ್ಸಿನಲ್ಲಿ ಈ ಬಾಟಲಿಗಳು ಬರತೊಡಗಿದ ಮೇಲೆ ಸಂಜೆಯ ಜ್ವರ ಇಳಿಯುತ್ತಿತ್ತು, ಕೆನ್ನೆ ತುಂಬುತ್ತಿತ್ತು. ಕೊಡಗು ಮೈಸೂರಿಗೆ ಸೇರಬೇಕೋ, ಬೇರೆಯಾಗಿಯೇ ಉಳಿಯಬೇಕೋ ಎಂದು ಜಗಲಿಯಲ್ಲಿ ಕೂತು ಜಗಳವಾಡುವಷ್ಟು ಉಸಿರು ಅವರಿಗೆ ಬಂದಿತ್ತು.

ಮದ್ದು ತಯಾರಿಸುವ ಕ್ರಮ ಹೀಗೆ. ರಬ್ಬರ್ ಮುಚ್ಚಳದ ಬಾಟಲಿಯಲ್ಲಿ ಬಿಳಿ ಪುಡಿ ಇರುತ್ತದೆ. ಕುದಿಸಿ ಆರಿಸಿದ ಗಾಜಿನ ಸಿರಿಂಜಿನಿಂದ ಶುದ್ಧ ನೀರನ್ನು ಅದರೊಳಗೆ ಬಿಟ್ಟು, ಬಾಟಲಿಯನ್ನು ಅಂಗೈಯಲ್ಲಿ ತಿರುಗಿಸಿ ಕರಗಿಸಿ, ಮತ್ತೆ ಸಿರಿಂಜಿಗೆ ಎಳೆದುಕೊಳ್ಳಬೇಕು. ಆಮೇಲೆ ಸೂಜಿಯನ್ನು ಮೇಲ್ಮುಖವಾಗಿ ಹಿಡಿದು ಒಳಗಿನ ಗಾಳಿಯನ್ನು ಹೊರಗೆ ತಳ್ಳಬೇಕು. ಗಾಳಿಯ ಜೊತೆ ನಾಲ್ಕು ಹನಿ ಮದ್ದೂ ಚಿಮ್ಮುತ್ತದೆ. ಆ ತುಂತುರು ಹಾರುತ್ತಿದ್ದುದು ನನ್ನ ಮುಖದ ಮಟ್ಟದಲ್ಲಿ. ದಿನಾ ಹಾರುತ್ತಿತ್ತು. ದಿನಾ ನೋಡುತ್ತಿದ್ದೆ.

ನನ್ನ ಜೊತೆ ಆ ಕೆಲಸ ಮಾಡುತ್ತಿದ್ದವಳು ತಲಶೇರಿ ಕಡೆಯ ಚಿಕ್ಕ ವಯಸ್ಸಿನ ನರ್ಸು. ನನ್ನನ್ನು ಮಲಯಾಳದಲ್ಲಿ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದಳು. ಅವಳ ರೆಪ್ಪೆಗಳು ನನ್ನವಕ್ಕಿಂತ ಮುಂಚೆಯೇ ಊದಿದ್ದವು. ಅಡುಗೆಮನೆಯ ಹೊಗೆ ಎನ್ನುತ್ತಿದ್ದಳು. ಆ ಮಧ್ಯಾಹ್ನ ಸಿರಿಂಜು ಕುದಿಸುವ ಕೋಣೆಯಲ್ಲಿ ಅವಳ ಮುಂದೆ ನನ್ನ ಮುಖ ಹಿಡಿದೆ.

"ನೋಡು. ನಾನು ಅಡುಗೆಮನೆಗೆ ಕಾಲಿಟ್ಟಿಲ್ಲ. ನಿನ್ನದೂ ಹೊಗೆ ಅಲ್ಲ."

ಅವಳು ಹಿಂದಕ್ಕೆ ಸರಿದು ಬಾಗಿಲು ಹಾಕಿದಳು. "ಗೊತ್ತುಂಟು ಚೇಚಿ. ಯಾರಿಗೂ ಹೇಳ್ಬೇಡಿ. ಈ ಕೆಲಸಕ್ಕೆ ಆಗಲ್ಲ ಅಂತ ಡಾಕ್ಟ್ರು ಬರೆದ್ರೆ ನಾನು ಎಲ್ಲಿ ಹೋಗ್ಲಿ? ನಂಗೆ ಕಣ್ಣು ಹೋದ್ರೂ ಪರವಾಗಿಲ್ಲ, ಕೆಲಸ ಹೋಗ್ಬಾರ್ದು."

ಕಣ್ಣು ಹೋದರೂ ಪರವಾಗಿಲ್ಲ! ಆ ಮಾತು ಸಂಜೆಯವರೆಗೂ ನನ್ನನ್ನು ಕೂರಲು ಬಿಡಲಿಲ್ಲ. ಟ್ರೇ ಒರೆಸಿದ್ದನ್ನೇ ಮತ್ತೆ ಒರೆಸಿದೆ. ಜಗಲಿಯ ಈ ತುದಿಯಿಂದ ಆ ತುದಿಗೆ ಕೆಲಸವಿಲ್ಲದೆ ನಡೆದೆ. ಹಾಗೆ ನಡೆಯದೆ ಇದ್ದಿದ್ದರೆ ನಮ್ಮ ರೋಗಿಗಳಲ್ಲೊಬ್ಬನಾದ ಡ್ರೈವರನ್ನು ನೋಡುತ್ತಿರಲಿಲ್ಲ.

ಅವನು ಸಂಪಾಜೆಯವನು, ಘಾಟಿ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದವನು. ಬಂದಾಗ ರಕ್ತ ಕಾರುತ್ತಿದ್ದ. ಈಗ ಕೆಮ್ಮು ಕೂಡ ಅಪರೂಪ. ಆ ಸಂಜೆ ಮಸುಕು ಬೆಳಕಿನಲ್ಲಿ ಅವನು ಅಂಗಳದ ನಲ್ಲಿಯ ಕಡೆ ಹೊರಟಿದ್ದ. ಪಾದಗಳನ್ನು ಅಗಲ ಇಟ್ಟುಕೊಂಡು, ಒಂದು ಕೈಯಿಂದ ಗೋಡೆ ಸವರುತ್ತಾ ನಡೆಯುತ್ತಿದ್ದ. ಗೋಡೆ ಮುಗಿದಲ್ಲಿ ನಿಂತ. ಒಂದು ಹೆಜ್ಜೆ ಇಟ್ಟ, ವಾಲಿದ, ಕುಸಿದು ಮೊಣಕಾಲ ಮೇಲೆ ಬಿದ್ದ.

ಓಡಿಹೋಗಿ ಹಿಡಿದೆ. "ತಲೆ ಸುತ್ತಿತಾ?"

"ಎಂತ ಇಲ್ಲ ಸಿಸ್ಟರಮ್ಮ. ಕಲ್ಲು ಎಡವಿತು."

ಅಲ್ಲಿ ಕಲ್ಲು ಇರಲಿಲ್ಲ. ನಾನು ನೆಲ ನೋಡಿದ್ದನ್ನು ಅವನೂ ನೋಡಿದ. ಆಗ ಗೊಗ್ಗರು ದನಿಯಲ್ಲಿ, "ಡಾಕ್ಟ್ರಿಗೆ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೇನೆ. ಸೂಜಿ ನಿಲ್ಲಿಸಿಬಿಡ್ತಾರೆ" ಎಂದ.

ಅವನ ಹೆದರಿಕೆಗೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಒಬ್ಬ ರೋಗಿ ತಲೆ ಸುತ್ತುತ್ತದೆ ಎಂದು ದೂರಿದ್ದ. ಡಾಕ್ಟರು ಪರೀಕ್ಷೆ ಮಾಡಿ ಮದ್ದು ನಿಲ್ಲಿಸಿದ್ದರು. ಅವನ ಮೂತ್ರಪಿಂಡವೂ ಕೆಟ್ಟಿತ್ತು ಎಂಬುದು ನಮಗೆ ಗೊತ್ತಿತ್ತು, ವಾರ್ಡಿಗೆ ಗೊತ್ತಿರಲಿಲ್ಲ. ವಾರ್ಡು ಕಂಡದ್ದು ಇಷ್ಟೇ: ಹೇಳಿದ, ಸೂಜಿ ನಿಂತಿತು, ಸತ್ತ. ಅಂದಿನಿಂದ ಡಾಕ್ಟರು ರೌಂಡ್ಸಿನಲ್ಲಿ "ತಲೆ ಸುತ್ತು? ಕಿವಿಯಲ್ಲಿ ಶಬ್ದ?" ಎಂದು ಕೇಳಿದಾಗಲೆಲ್ಲ ಹಾಸಿಗೆಯಿಂದ ಹಾಸಿಗೆಗೆ ಒಂದೇ ಉತ್ತರ: ಇಲ್ಲ ಸಾರ್, ಇಲ್ಲ ಸಾರ್. ನಾನು ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿದಿದ್ದೆ.

ಮರುದಿನ ಡಾಕ್ಟರ ಬಳಿ ಮೊದಲು ನನ್ನ ವಿಷಯ ಹೇಳಿದೆ. ಅವರು ಮದರಾಸಿನಲ್ಲಿ ಓದಿದ ಕೊಡವರು. ಇಡೀ ಆಸ್ಪತ್ರೆಗೆ ಒಬ್ಬರೇ ಡಾಕ್ಟರು. ಬೆಳಿಗ್ಗೆ ಹೆರಿಗೆ, ಮಧ್ಯಾಹ್ನ ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ಮಲೇರಿಯಾ, ಸಂಜೆ ನಮ್ಮ ವಾರ್ಡು. ನನ್ನ ರೆಪ್ಪೆ ಎಳೆದು ನೋಡಿದರು.

"ಮದ್ದಿನದ್ದೇ. ನಿಮ್ಮನ್ನು ಹೆರಿಗೆ ವಾರ್ಡಿಗೆ ಹಾಕ್ತೀನಿ. ಅಲ್ಲಿ ಇದರ ಕಾಟ ಇರಲ್ಲ."

"ಆಗ ಇಲ್ಲಿ ಸೂಜಿ ಯಾರು ಹಾಕ್ತಾರೆ ಸಾರ್?"

"ಆ ಹುಡುಗಿ ಇದ್ದಾಳಲ್ಲ."

ಆ ಹುಡುಗಿಯ ಕಣ್ಣು ನನ್ನದಕ್ಕಿಂತ ಕೆಟ್ಟಿದೆ ಎಂದು ಬಾಯಿ ತುದಿಗೆ ಬಂತು. ಹೇಳಬೇಡಿ ಎಂದು ಬೇಡಿಕೊಂಡವಳ ಗುಟ್ಟನ್ನು ಅವಳ ಬೆನ್ನ ಹಿಂದೆ ಹೇಗೆ ಹೇಳಲಿ? ಡ್ರೈವರದ್ದೂ ಹಾಗೇ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಹೆರಿಗೆ ವಾರ್ಡಿಗೆ ಹೋದರೆ ನಾನು ಪಾರಾಗುತ್ತಿದ್ದೆ. ನಿಜ ಹೇಳುತ್ತೇನೆ, ಆ ದಿನವೆಲ್ಲ ಅದರ ಕಡೆಗೇ ಮನಸ್ಸು ಎಳೆಯಿತು. ಸಂಜೆ ಮೊದಲ ಮಳೆ ಬಿದ್ದು ತೋಟಗಳಿಂದ ಹಸಿ ಮಣ್ಣಿನ ವಾಸನೆ ಬಂದಾಗಲೂ ಕಣ್ಣುಜ್ಜಿಕೊಳ್ಳುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದೆ.

ನಿರ್ಧಾರ ಆದದ್ದು ಮಾರನೆಯ ಬೆಳಿಗ್ಗೆ, ಅದೂ ಯೋಚಿಸಿ ಮಾಡಿದ್ದಲ್ಲ. ಸೂಜಿಯ ಟ್ರೇ ಹಿಡಿದು ಜಗಲಿಗೆ ಬಂದಾಗ ಎಲ್ಲರೂ ಎಂದಿನಂತೆ ಎದ್ದು ಕೂತಿದ್ದರು. ಡ್ರೈವರು ಮಂಚದ ಸರಳು ಹಿಡಿದುಕೊಂಡು ನಗುತ್ತಿದ್ದ. ಬಿದ್ದವನ ನಗು ಅದಲ್ಲ, ಏನೂ ಆಗಿಲ್ಲ ಎಂದು ತೋರಿಸುವವನ ನಗು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಟ್ರೇಯನ್ನು ಮೇಜಿನ ಮೇಲಿಟ್ಟೆ. ಕಣ್ಣಿಗೆ ಅಡ್ಡ ಹಿಡಿದಂತೆ ಹಣೆಗೆ ಎಳೆದುಕೊಂಡಿದ್ದ ಸೆರಗನ್ನು ಹಿಂದಕ್ಕೆ ಸರಿಸಿದೆ.

"ಎಲ್ಲರೂ ನನ್ನ ಮುಖ ನೋಡಿ. ಇದು ಈ ಮದ್ದು ಮಾಡಿದ್ದು. ತುಂಬುವಾಗ ನನ್ನ ಮೇಲೆ ಹಾರಿ ಹೀಗಾಗಿದೆ. ಮದ್ದು ಒಳ್ಳೆಯದೇ, ನಿಮ್ಮನ್ನು ಎಬ್ಬಿಸಿ ಕೂರಿಸಿದೆ. ಆದರೆ ಕೆಲವರಿಗೆ ಕಿವಿಯ ಒಳಗಿನ ನರಕ್ಕೆ ತೊಂದರೆ ಮಾಡುತ್ತೆ. ಆಗ ತಲೆ ಸುತ್ತುತ್ತೆ, ಕಿವಿ ಗುಂಯ್ ಅನ್ನುತ್ತೆ. ಬೇಗ ಹೇಳಿದರೆ ಉಳಿಸಿಕೊಳ್ಳಬಹುದು. ಮುಚ್ಚಿಟ್ಟರೆ ಹೋದದ್ದು ವಾಪಸು ಬರಲ್ಲ. ನಾನು ನನ್ನದು ಹೇಳಿದ್ದೇನೆ."

ಹಿಂದೆ ಬಾಗಿಲಲ್ಲಿ ತಲಶೇರಿಯ ಹುಡುಗಿ ನಿಂತಿದ್ದಳು. ಅವಳು ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತು, "ನನಗೂ" ಎಂದಳು. ಅಷ್ಟೇ ಮಾತು.

ಹಲಗೆಯ ಆಚೆಯಿಂದ ಒಂದು ಹೆಣ್ಣು ದನಿ ಬಂತು. ಮಡಿಕೇರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಟೀಚರಮ್ಮನದು. "ಸಿಸ್ಟರ್, ನನ್ನ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತೆ. ಮರದಲ್ಲಿ ಕೂಗ್ತಿದೆ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಹಗಲೂ ಕೂಗುತ್ತೆ."

ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಡ್ರೈವರು ಮಾತ್ರ ಸರಳು ಬಿಡದೆ ನೆಲ ನೋಡುತ್ತಿದ್ದ.

ಸುದ್ದಿ ನನಗಿಂತ ಮುಂಚೆ ಡಾಕ್ಟರ ಕೋಣೆ ಸೇರಿತ್ತು.

"ರೋಗಿಗಳ ಮುಂದೆ ಮದ್ದಿನ ದೋಷ ಹೇಳೋಕೆ ನಿಮಗೆ ಯಾರು ಹೇಳಿದ್ದು ಸಿಸ್ಟರ್? ನಾಳೆ ಎಲ್ಲರಿಗೂ ತಲೆ ಸುತ್ತುತ್ತೆ. ಒಬ್ಬನೂ ಸೂಜಿ ಹಾಕಿಸ್ಕೊಳ್ಳಲ್ಲ."

"ಸಾರ್, ಅವರು ಸೂಜಿ ಬೇಡ ಅಂತಿಲ್ಲ. ನಿಂತುಹೋಗುತ್ತೆ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ."

"ನಾನು ದಿನಾ ಕೇಳ್ತೀನಲ್ಲ?"

"ಕೇಳ್ತೀರಿ. ಹೇಳಿದ್ರೆ ಏನು ಮಾಡ್ತೀರಿ ಅಂತ ಅವರಿಗೆ ಗೊತ್ತಿಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ನನ್ನನ್ನು ಅಂದೇ ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ಬದಲಿಗೆ ಎದ್ದು, "ನಡೀರಿ. ಒಬ್ಬೊಬ್ಬರನ್ನೇ ನೋಡೋಣ" ಎಂದರು. ದನಿಯಲ್ಲಿ ಸಿಟ್ಟು ಹಾಗೇ ಇತ್ತು.

ಪರೀಕ್ಷೆ ಸರಳವಾದದ್ದು. ಜಗಲಿಯ ಸಿಮೆಂಟಿನ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯಬೇಕು, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ಹೆಚ್ಚಿನವರು ದಾಟಿದರು. ಡ್ರೈವರು ತನ್ನ ಸರದಿ ಬಂದಾಗ ಕಣ್ಣು ತೆರೆದು ಗೆರೆಯ ಮೇಲೆ ಜಾಗರೂಕನಾಗಿ ನಡೆದ. "ಈಗ ಕಣ್ಣು ಮುಚ್ಚು" ಎಂದರು ಡಾಕ್ಟರು. ಮುಚ್ಚಿದ. ಮೊದಲ ಹೆಜ್ಜೆಗೇ ಪೂರ್ತಿ ಪಕ್ಕಕ್ಕೆ ಒರಗಿದ. ನಾನೂ ಡಾಕ್ಟರೂ ಒಟ್ಟಿಗೆ ಹಿಡಿಯದಿದ್ದರೆ ಅಂಗಳಕ್ಕೆ ಬೀಳುತ್ತಿದ್ದ.

ಹಿಡಿದ ಕೈಗಳ ನಡುವೆಯೇ ಅವನು ಅಳತೊಡಗಿದ. "ಸೂಜಿ ನಿಲ್ಲಿಸಬೇಡಿ ಸಾರ್. ನಡಿಲಿಕ್ಕೆ ಆಗದಿದ್ರೆ ಕೂತುಕೊಂಡೇ ಇರ್ತೇನೆ. ಸಾಯ್ಲಿಕ್ಕೆ ಮನಸ್ಸಿಲ್ಲ."

ಡಾಕ್ಟರು ಅವನನ್ನು ಮಂಚದ ಮೇಲೆ ಕೂರಿಸಿ, ತಾವೂ ಅದೇ ಮಂಚದ ಅಂಚಿನಲ್ಲಿ ಕೂತರು. ರೋಗಿಯ ಮಂಚದ ಮೇಲೆ ಅವರು ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಆಮೇಲೆ, ಎಲ್ಲರಿಗೂ ಕೇಳುವ ಹಾಗೆ, ಹಿಂದಿನ ಮಳೆಗಾಲದಲ್ಲಿ ಸತ್ತವನ ಕಾಯಿಲೆ ಏನಾಗಿತ್ತು ಎಂಬುದನ್ನು ಬಿಡಿಸಿ ಹೇಳಿದರು. ಸೂಜಿಯನ್ನು ಪೂರ್ತಿ ನಿಲ್ಲಿಸದೆ ವಾರಕ್ಕೆ ಎರಡು ಸಲಕ್ಕೆ ಇಳಿಸಬಹುದು ಎಂದರು. ಆದರೆ ಆಗ ಸೂಜಿಯ ಜೊತೆಗೆ ದಿನಾ ನುಂಗಲು ಕೊಡುತ್ತಿದ್ದ ಪಾಸ್ ಎಂಬ ಕ್ಷಯದ ಪುಡಿಯನ್ನು ಒಂದು ಹೊತ್ತೂ ಬಿಡುವಂತಿಲ್ಲ. ಬಿಟ್ಟರೆ ರೋಗ ಸೂಜಿಗೂ ಬಗ್ಗದಂತಾಗುತ್ತದೆ.

ಆ ಪುಡಿ ನಾಲಿಗೆಗೆ ತಾಗಿದರೆ ಹೊಟ್ಟೆ ತೊಳಸುತ್ತದೆ. ಅರ್ಧಕ್ಕರ್ಧ ಜನ ಅದನ್ನು ಜಗಲಿಯಾಚೆ ಚೆಲ್ಲುತ್ತಿದ್ದರು ಎಂಬುದು ಅಂದೇ ಹೊರಬಂತು.

"ದಿನಾ ಸೂಜಿ ಹಾಕಿಸ್ಕೊಂಡ್ರೆ ಎದೆ ಬೇಗ ಗುಣ ಆಗಬಹುದು, ಆಯ ತಪ್ಪಿ ವಾಲೋದು ಜಾಸ್ತಿ ಆಗುತ್ತೆ. ಕಡಿಮೆ ಮಾಡಿದ್ರೆ ಪುಡಿ ನುಂಗಲೇಬೇಕು. ಏನು ಮಾಡೋಣ, ನೀನು ಹೇಳು" ಎಂದರು ಡಾಕ್ಟರು.

ಡ್ರೈವರು ನನ್ನ ಮುಖ ನೋಡಿದ. ಅದು ಅವನೇ ಆರಿಸಬೇಕಾದದ್ದು ಎಂದು ನಾನು ಮುಖ ತಿರುಗಿಸಿದೆ. ಅವನು, "ಪುಡಿ ಕೊಡಿ. ಇವತ್ತಿನದ್ದು ನಾನು ಚೆಲ್ಲಿದ್ದೇನೆ, ಈಗ್ಲೇ ಕೊಡಿ" ಎಂದ.

ಇದರಿಂದ ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ಡಾಕ್ಟರು ಹೆದರಿದ್ದೂ ಆಯಿತು. ವಾರದೊಳಗೆ ಅರ್ಧ ವಾರ್ಡಿಗೆ ತಲೆ ಸುತ್ತಿತು. ಒಬ್ಬ ಗೆರೆಯ ಮೇಲೆ ಬೇಕೆಂದೇ ವಾಲಿದ. ಗೋಣಿಕೊಪ್ಪಲು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು, ಈ ಮದ್ದು ಕಿವುಡು ಮಾಡುತ್ತದಂತೆ ಎಂದು ಹೆದರಿ, ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಸ್ಸು ಹತ್ತಿ ಹೋಗಿಬಿಟ್ಟರು. ಹಾಸಿಗೆಯ ಮೇಲೆ ಮಡಿಸಿಟ್ಟ ಕಂಬಳಿಯಷ್ಟೇ ಉಳಿದಿತ್ತು. ಕಾಗದ ಹಾಕಿಸಿದೆವು, ಆ ಕಡೆ ಹೋಗುವ ಜೀಪಿನವರ ಹತ್ತಿರ ಹೇಳಿ ಕಳಿಸಿದೆವು. ಅವರು ಮರಳಲಿಲ್ಲ. ಮುಂದೆ ಅವರು ಏನಾದರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಬೇರೆ ರೀತಿ ಹೇಳಿದ್ದರೆ ಉಳಿಯುತ್ತಿದ್ದರೋ ಏನೋ. ಡಾಕ್ಟರು ಈ ವಿಷಯದಲ್ಲಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಹೇಳುವ ರೀತಿ ಬದಲಾಯಿಸಿದೆ. ಒಟ್ಟಿಗೆ ಭಾಷಣ ಮಾಡುವುದನ್ನು ಬಿಟ್ಟು ಒಬ್ಬೊಬ್ಬರ ಮಂಚದ ಬಳಿ ಕೂತೆ. ಹೊಸದಾಗಿ ಬಂದವರಿಗೆ ಮೊದಲ ಸೂಜಿಯ ಮುಂಚೆಯೇ, ಅವರ ಮನೆಯವರ ಎದುರಿಗೇ ವಿವರಿಸಿದೆ. ಗೆರೆಯ ಮೇಲಿನ ನಡಿಗೆ ಮಾತ್ರ ನಿಲ್ಲಲಿಲ್ಲ, ದಿನಾ ಸಂಜೆ ನಡೆಯಿತು. ಇಬ್ಬಿಬ್ಬರಾಗಿ ನಡೆಯುವುದು, ಒಬ್ಬ ಕಣ್ಣು ಮುಚ್ಚಿದರೆ ಇನ್ನೊಬ್ಬ ಪಕ್ಕದಲ್ಲಿ. ಹೆಂಗಸರ ಕಡೆ ಟೀಚರಮ್ಮ ತಮ್ಮ ಕೈಗಡಿಯಾರವನ್ನು ಒಬ್ಬೊಬ್ಬರ ಕಿವಿಯ ಬಳಿ ಹಿಡಿದು, ಟಿಕ್ ಟಿಕ್ ಎಲ್ಲಿಯವರೆಗೆ ಕೇಳುತ್ತದೆ ಎಂದು ನೋಡುತ್ತಿದ್ದರು. ಮಕ್ಕಳಿಗೆ ಪಾಠ ಹೇಳುವ ಗತ್ತಿನಲ್ಲೇ. ಅವರ ಸೂಜಿಯನ್ನೂ ಕಡಿಮೆ ಮಾಡಿದ್ದರಿಂದ ಜೀರುಂಡೆಯ ಸದ್ದು ಇದ್ದಷ್ಟಕ್ಕೇ ಉಳಿಯಿತು, ಹೆಚ್ಚಲಿಲ್ಲ. ಅವರು ಮಳೆಗಾಲಕ್ಕೆ ಮುಂಚೆ ಮನೆಗೆ ಹೋದರು.

ನಮ್ಮ ಕಥೆಯೂ ಹಾಗೇ ತಡವರಿಸುತ್ತಾ ಸಾಗಿತು. ಕೈಗವಸು ಕೇಳಿದಾಗ ಆಪರೇಷನ್ ಕೋಣೆಯ ಹಳೆಯ ಜೋಡಿ ಸಿಕ್ಕಿತು. ಕುದಿಸಿ ಕುದಿಸಿ ಜಿಗುಟಾಗಿದ್ದವು. ಹರಿದಲ್ಲಿ ಸೈಕಲ್ ಟ್ಯೂಬಿಗೆ ಹಾಕಿದ ಹಾಗೆ ತೇಪೆ ಹಾಕಿದೆವು. ಎರಡನೆಯ ದಿನವೇ ತೇಪೆ ಕಿತ್ತಿತು. ಕಡೆಗೆ ಉಪಯೋಗಕ್ಕೆ ಬಂದದ್ದು ಕೈಗವಸಲ್ಲ, ಕ್ರಮ. ಗಾಳಿಯನ್ನು ಹೊರಗೆ ಚಿಮ್ಮಿಸುವ ಬದಲು, ಸೂಜಿ ಬಾಟಲಿಯೊಳಗಿರುವಾಗಲೇ ಗಾಳಿಯನ್ನು ಬಾಟಲಿಗೇ ತಳ್ಳುವುದು. ಸೂಜಿಯನ್ನು ಹೊರಗೆಳೆಯುವಾಗ ಅದರ ಬುಡಕ್ಕೆ ಸ್ಪಿರಿಟಿನಲ್ಲಿ ಅದ್ದಿದ ಹತ್ತಿ ಒತ್ತುವುದು. ಮದ್ದು ತುಂಬಿದ ಮೇಲೆ ಮುಖ ಮುಟ್ಟದೆ ಕೈ ತೊಳೆಯುವುದು. ಕಲಿಯಲು ಸುಲಭ, ಅವಸರದಲ್ಲಿ ಮರೆಯಲು ಇನ್ನೂ ಸುಲಭ. ನಾವಿಬ್ಬರೂ ಒಬ್ಬರನ್ನೊಬ್ಬರು ಗದರಿಸಿಕೊಳ್ಳುತ್ತಾ ಕಲಿತೆವು. ನನ್ನ ಕೈ ಹೆಚ್ಚೂಕಡಿಮೆ ತಡೆದುಕೊಂಡಿತು. ಹುಡುಗಿಯ ಕಣ್ಣು ತಡೆಯಲಿಲ್ಲ. ಅವಳೇ ಡಾಕ್ಟರ ಮುಂದೆ ಹೋಗಿ, "ಸಾರ್, ನನ್ನನ್ನು ಹೆರಿಗೆ ವಾರ್ಡಿಗೆ ಹಾಕಿ. ಅಲ್ಲಿಂದ ಒಬ್ಬರನ್ನು ಇಲ್ಲಿಗೆ ಕಳಿಸಿ, ನಾನು ಕಲಿಸ್ತೇನೆ" ಎಂದಳು. ಅವರು ಒಪ್ಪಿದರು. ಅವಳ ಕೆಲಸ ಹೋಗಲಿಲ್ಲ.

ಹೋಗುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡಿದಳು. ವಾರ್ಡಿನ ಕೆಲಸದವರೆಲ್ಲ ತಿಂಗಳಿಗೊಮ್ಮೆ ತೂಕ ನೋಡಿಸಿಕೊಂಡು ಕಫ ಪರೀಕ್ಷೆಗೆ ಕೊಡಬೇಕೆಂದು ಡಾಕ್ಟರು ಅಪ್ಪಣೆ ಮಾಡಿದಾಗ, ಅವಳು ಮುಗ್ಧವಾಗಿ, "ಸಾರ್, ನೀವು ಯಾವಾಗ ಕೊಡ್ತೀರಿ?" ಎಂದು ಕೇಳಿಬಿಟ್ಟಳು. ಡಾಕ್ಟರು ನಕ್ಕರು. ನಾವು ಯಾರೂ ನಗಲಿಲ್ಲ, ಯಾಕೆಂದರೆ ಅವರ ಕೋಟು ಭುಜದಿಂದ ಜೋತಾಡುವುದನ್ನು ಎಲ್ಲರೂ ನೋಡಿದ್ದೆವು. ಮರುದಿನ ಅವರು ಕೋಟು ತೆಗೆದು ತಕ್ಕಡಿ ಹತ್ತಿದರು. ಕಫದಲ್ಲಿ ಏನೂ ಸಿಗಲಿಲ್ಲ. ತೂಕ ಮಾತ್ರ ಸಾಕಷ್ಟು ಇಳಿದಿತ್ತು. ಅಂದಿನಿಂದ ಮಧ್ಯಾಹ್ನ ಕೂತು ಊಟ ಮಾಡಿ ಲೈನುಗಳಿಗೆ ಹೋಗುತ್ತೇನೆ ಎಂದರು. ಕೆಲವು ದಿನ ಮಾಡಿದರು, ಕೆಲವು ದಿನ ಮರೆತರು. ಮರೆತಾಗ ನಾವು ಜೀಪಿನ ಬಳಿ ತಟ್ಟೆ ಕಳಿಸುತ್ತಿದ್ದೆವು.

ಡ್ರೈವರು ಮಳೆಗಾಲವನ್ನೆಲ್ಲ ನಮ್ಮಲ್ಲೇ ಕಳೆದ. ಪುಡಿಯನ್ನು ಬೆಲ್ಲದ ನೀರಿನಲ್ಲಿ ನುಂಗಿ, ವಾಂತಿಯಾಗದಂತೆ ಬಾಯಿ ಒತ್ತಿ ಹಿಡಿದು ಕೂರುತ್ತಿದ್ದ. ಎದೆ ಗುಣವಾಯಿತು. ಆಯ ತಪ್ಪುವುದು ಪೂರ್ತಿ ಹೋಗಲಿಲ್ಲ. ಹಗಲಲ್ಲಿ ನೇರ ನಡೆಯಲು ಕಲಿತ, ಕತ್ತಲಾದರೆ ಗೋಡೆ ಬೇಕಿತ್ತು. ನೋಡಿದವರಿಗೆ ಮಾತ್ರ ಗಟ್ಟಿಮುಟ್ಟಾದ ಆಳು.

ಅವನನ್ನು ಬಿಡುಗಡೆ ಮಾಡುವ ದಿನ ಬಸ್ಸಿನ ಮಾಲೀಕರು ತಮ್ಮದೇ ಬಸ್ಸು ತೆಗೆದುಕೊಂಡು ಬಂದರು. ಬಿಸಿಲು ಬಿದ್ದಿತ್ತು. ಒಳ್ಳೆಯ ಮನುಷ್ಯ, ಅವನಿಗಾಗಿ ಜಾಗ ಕಾಯ್ದಿರಿಸಿದ್ದರು. ಅವನ ಭುಜ ತಟ್ಟಿ, "ನಾಳೆಯಿಂದ ಬಾ. ಮೊದಲು ಹಗಲು ಟ್ರಿಪ್ ಮಾತ್ರ ಮಾಡು. ಇಲ್ಲಿಂದ ಈಗ ನೀನೇ ಬಿಡು, ನೋಡೋಣ" ಎಂದರು.

ನಾನು ಬಾಯಿ ತೆರೆಯಬೇಕೆಂದಿದ್ದೆ. ಡಾಕ್ಟರು ನನ್ನ ಕಡೆ ನೋಡಿ ಸಣ್ಣಗೆ ತಲೆ ಆಡಿಸಿದರು, ಬೇಡ, ಅವನೇ ಮಾತಾಡಲಿ ಎನ್ನುವಂತೆ. ಘಾಟಿಯ ತಿರುವುಗಳು, ಬಸ್ಸಿನ ತುಂಬ ಜನ, ಎಲ್ಲ ಕಣ್ಣ ಮುಂದೆ ಬಂತು.

ಡ್ರೈವರು ಬಸ್ಸಿನ ಬಲಗಡೆಗೆ ನಡೆದು ತನ್ನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಹಾಗೇ ನಿಂತ.

"ಧಣಿ, ಹೋದ ವಾರ ಆಸ್ಪತ್ರೆ ಜೀಪಲ್ಲಿ ಪೇಟೆಗೆ ಹೋಗಿದ್ದೆ. ಗಾಡಿ ಹೊಂಡಕ್ಕೆ ಇಳಿದ್ರೆ ನಂಗೆ ರಸ್ತೆ ಕುಣಿತದೆ. ಎದುರು ಬರುವ ಲಾರಿ ಎರಡು ಕಡೆ ಕಾಣ್ತದೆ. ಡಾಕ್ಟ್ರು ಹೇಳಿದ್ದಲ್ಲ ಇದು, ನಾನೇ ಹೇಳುದು. ನನ್ನನ್ನು ಇಲ್ಲಿ ಕೂರಿಸ್ಬೇಡಿ. ಬಸ್‌ಸ್ಟ್ಯಾಂಡಲ್ಲಿ ಟಿಕೆಟ್ ಕೆಲಸ ಇದ್ರೆ ಕೊಡಿ, ಇಲ್ಲದಿದ್ರೆ ಇಲ್ಲ ಅನ್ನಿ."

ಮಾಲೀಕರು ನಮ್ಮ ಕಡೆ ತಿರುಗಿದರು. ಉತ್ತರಕ್ಕೆ ಅವನು ಕಾಯಲಿಲ್ಲ. ಹಿಡಿಯಿಂದ ಕೈ ತೆಗೆದು, ಬಸ್ಸಿನ ಮೂತಿಯನ್ನು ಸುತ್ತಿ ಎಡಬದಿಗೆ ಬಂದು, ಪ್ರಯಾಣಿಕರ ಬಾಗಿಲಿನಿಂದ ಹತ್ತಿ ಕೂತ.